ಖಾಲಿ ಬಿಟ್ಟರೂ ತೆರೆದ ಬಾಗಿಲು

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ದೋನ್ ಎಲಾದಿಯೊ ಕೋತೊ ಫೋನ್ ಮಾಡಿದಾಗ ಅರ್ಲೆನ್ ಓಬಾಂದೊ ಇನ್ನೂ ಮೊದಲನೆಯ ಕಾಫಿಯನ್ನೇ ಮುಗಿಸಿರಲಿಲ್ಲ. ಕೋಸ್ಟರಿಕಾ ದೇಶದ ತುರಿಯಾಲ್ಬಾ ಊರಿನ ಸಹಕಾರಿ ಆಸ್ಪತ್ರೆಯಲ್ಲಿ ಕಂಪ್ಯೂಟರ್ ಎಂದರೆ ಅವಳೊಬ್ಬಳೇ. ರೋಗಿಗಳು ಮನೆಯಲ್ಲೇ ಕೂತು ತಮ್ಮ ಔಷಧಿ, ತಾರೀಕು ನೋಡಿಕೊಳ್ಳಲಿ ಎಂದು ವೆಬ್‌ಸೈಟ್ ಕಟ್ಟಿದವಳೂ ಅವಳೇ, ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆಯುವವಳೂ ಅವಳೇ. ಊರೆಲ್ಲ ಮರ್ಯಾದೆಯಿಂದ ದೋನ್ ಎನ್ನುವ ಎಂಬತ್ತೊಂದು ವರ್ಷದ ಎಲಾದಿಯೊ ವಾರಕ್ಕೆರಡು ಸಲ ಫೋನ್ ಮಾಡಿ ಆ ವೆಬ್‌ಸೈಟಿಗೆ ಮಂಗಳಾರತಿ ಎತ್ತುತ್ತಿದ್ದರು. ಆವತ್ತು ಮಾತ್ರ ಹೊಗಳಲು ಮಾಡಿದ್ದರು.

"ಏನಮ್ಮಾ ಅರ್ಲೆನ್, ನಿನ್ನ ಮಿಷನ್‌ಗೆ ಕೊನೆಗೂ ಬುದ್ಧಿ ಬಂತು ನೋಡು!"

"ಯಾಕೆ ದೋನ್ ಎಲಾದಿಯೊ, ಏನ್ ಮಾಡ್ತು?"

"ನಮ್ಮಪ್ಪನೂ ಕೋತೊ, ನಮ್ಮಮ್ಮನೂ ಕೋತೊ. ಮೂರು ವರ್ಷದಿಂದ ಅದನ್ನೇ ಕುಟ್ಟಿ ಕುಟ್ಟಿ ಬೆರಳು ಸವೆದುಹೋದ್ವು. ಎರಡನೇ ಹೆಸರು ಏನು ಹಾಳಾದ್ದು, ಗೊತ್ತಿರೋದೇ ಅಲ್ವಾ ಅಂತ ನಿನ್ನೆ ಆ ಜಾಗ ಖಾಲಿ ಬಿಟ್ಟೆ. ತಗೋ, ಬಾಗಿಲು ತೆಗೀತು! ಬಿ.ಪಿ. ಮಾತ್ರೆ, ಮುಂದಿನ ತಾರೀಕು, ಎಲ್ಲ ಕಣ್ಮುಂದೆ. ನನ್ನ ಮುಖ ನೋಡಿ ಗುರುತು ಹಿಡೀತೇನೋ ಅಂದ್ಕೊಂಡೆ."

ಅರ್ಲೆನ್ ನಕ್ಕಳು. ನಗುತ್ತಲೇ ಫೋನ್ ಇಟ್ಟಳು. ಇಟ್ಟ ಮೇಲೆ 'ಖಾಲಿ ಬಿಟ್ಟೆ' ಅಂದದ್ದು ಅವಳ ತಲೆಗೆ ಹೋಯಿತು.

ವೆಬ್‌ಸೈಟಿನೊಳಗೆ ಹೋಗಲು ಮೂರು ಉತ್ತರ ಕೊಡಬೇಕಿತ್ತು. ಗುರುತಿನ ಚೀಟಿಯ ನಂಬರು, ಹುಟ್ಟಿದ ದಿನ, ಎರಡನೆಯ ಮನೆತನದ ಹೆಸರು. ಆ ದೇಶದಲ್ಲಿ ಅಪ್ಪನ ಕಡೆಯದು ಒಂದು, ಅಮ್ಮನ ಕಡೆಯದು ಒಂದು, ಹೀಗೆ ಎರಡು ಹೆಸರಿಲ್ಲದವರನ್ನು ಬಾಲವಿಲ್ಲದ ಹಸುವನ್ನು ನೋಡಿದಂತೆ ನೋಡುತ್ತಾರೆ. ಅರ್ಲೆನ್ ತನ್ನ ಬೆರಳಿನಿಂದಲೇ ಪರೀಕ್ಷೆ ಮಾಡಿದಳು. ದೋನ್ ಎಲಾದಿಯೊ ಅವರ ನಂಬರು, ಹುಟ್ಟಿದ ದಿನ ಹಾಕಿ ಮೂರನೆಯದನ್ನು ಖಾಲಿ ಬಿಟ್ಟಳು. ತೆರೆಯಿತು. ಆಸ್ಪತ್ರೆಯ ನಿರ್ದೇಶಕಿಯ ನಂಬರು ಹಾಕಿ ಖಾಲಿ ಬಿಟ್ಟಳು. ಅದೂ ತೆರೆಯಿತು, ನಿರ್ದೇಶಕಿಗೆ ಥೈರಾಯ್ಡ್ ಇದೆಯೆಂದು ಅವಳಿಗೆ ಆಗಲೇ ಗೊತ್ತಾದದ್ದು. ಅವಳು ಪಟ್ಟನೆ ಪರದೆ ಮುಚ್ಚಿದಳು.

ಇದು ಯಾರೋ ಬಂದು ಕೊರೆದ ಕನ್ನವಲ್ಲ. ಅವಳೇ ಮೂರು ವರ್ಷದ ಹಿಂದೆ, ಸ್ವಂತ ಕೈಯಿಂದ, ಒಳ್ಳೆಯ ಮನಸ್ಸಿನಿಂದ ಬಿಟ್ಟ ತೂತು.

ಅರ್ಲೆನ್ ಹುಟ್ಟಿದ್ದು ಗಡಿಯಾಚೆ, ನಿಕರಾಗುವಾದ ರಿವಾಸ್‌ನಲ್ಲಿ. ಅವಳಮ್ಮ ಪೆತ್ರೋನಾ ನಾಲ್ಕು ವರ್ಷದ ಅವಳನ್ನು ಕಂಕುಳಲ್ಲಿ ಇರುಕಿಕೊಂಡು ಕೋಸ್ಟರಿಕಾಗೆ ಬಂದಾಗ ಇಬ್ಬರ ಹತ್ತಿರ ಇದ್ದದ್ದು ಒಂದೇ ಮನೆತನದ ಹೆಸರು. ಅಪ್ಪ ಎಂಬ ಮನುಷ್ಯ ಕಾಗದದಲ್ಲೂ ಇರಲಿಲ್ಲ, ಮನೆಯಲ್ಲೂ ಇರಲಿಲ್ಲ. ಶಾಲೆಯ ಗುಮಾಸ್ತ, "ಇನ್ನೊಂದು ಹೆಸರೆಲ್ಲಿ, ಗಡೀಲಿ ಬೀಳಿಸ್ಕೊಂಡು ಬಂದ್ರಾ?" ಎಂದು ಕೇಳಿ ಎಲ್ಲರನ್ನೂ ನಗಿಸಿದ್ದ. ಬ್ಯಾಂಕಿನ ಹುಡುಗಿ ಆ ಜಾಗದಲ್ಲಿ ಒಂದು ಗೀಟು ಎಳೆದು, ಆಮೇಲೆ ಆ ಗೀಟನ್ನು ಒಪ್ಪದ ಕಂಪ್ಯೂಟರಿಗೆ ಶಾಪ ಹಾಕಿದ್ದಳು. ಅಮ್ಮನಿಗೆ ಜ್ವರ ನೂರಾಮೂರು ಇದ್ದಾಗ ಬೇರೊಂದು ಆಸ್ಪತ್ರೆಯ ಪರದೆಯ ಮೇಲೆ 'ಈ ಜಾಗ ಖಾಲಿ ಬಿಡುವಂತಿಲ್ಲ' ಎಂಬ ಕೆಂಪಕ್ಷರ ಮೂಡಿ ಮುಂದಕ್ಕೇ ಹೋಗಲಿಲ್ಲ. ಆವತ್ತೇ ಅವಳು ನಿರ್ಧರಿಸಿದ್ದಳು, ನಾನು ಕಟ್ಟುವ ಬಾಗಿಲಲ್ಲಿ ಹೆಸರಿಲ್ಲವೆಂದು ಯಾರನ್ನೂ ನಿಲ್ಲಿಸುವುದಿಲ್ಲ.

ಹಾಗಾಗಿ ಅವಳು ಒಂದು ಸಾಲು ಬರೆದಳು. ಎರಡನೆಯ ಹೆಸರು ಖಾಲಿ ಇದ್ದರೆ ಆ ಪ್ರಶ್ನೆ ಬಿಟ್ಟುಬಿಡು. ಆಸ್ಪತ್ರೆಯ ದಾಖಲೆಯಲ್ಲಿ ಖಾಲಿ ಇದೆಯೇ ಎಂದು ನೋಡು ಅನ್ನಬೇಕಿತ್ತು. ಬಾಗಿಲಿಗೆ ಬಂದವನು ಖಾಲಿ ಬಿಟ್ಟಿದ್ದಾನೆಯೇ ಎಂದು ನೋಡು ಅಂದಿದ್ದಳು. ಬಂದವನ ಮಾತನ್ನೇ ನಂಬಿ ಬೀಗ ತೆಗೆಯುವ ಕಾವಲುಗಾರನನ್ನು ಕೂರಿಸಿ ಮೂರು ವರ್ಷ ಹಾಯಾಗಿ ನಿದ್ದೆ ಮಾಡಿದ್ದಳು. ಒಳ್ಳೆಯ ಮನಸ್ಸಿನಿಂದ ಮಾಡಿದ ತಪ್ಪು ತಪ್ಪೇ ಅಲ್ಲ ಅನ್ನುವ ಮಹಾನುಭಾವರು ಆವತ್ತು ಅವಳ ಕುರ್ಚಿಯಲ್ಲಿ ಐದು ನಿಮಿಷ ಕೂತು ನೋಡಬೇಕಿತ್ತು.

ಯಾಕೆಂದರೆ ಆ ಖಾಲಿ ಜಾಗದ ಹಿಂದೆ ಬರೀ ಬಿ.ಪಿ. ಮಾತ್ರೆಗಳಿರಲಿಲ್ಲ. ಗಂಡನ ಹೊಡೆತ ತಾಳಲಾರದೆ ಓಡಿಬಂದು ಈ ಊರಲ್ಲಿ ಅಡಗಿ ಬದುಕುತ್ತಿದ್ದ ಮೂವರು ಹೆಂಗಸರಿದ್ದರು. ಹೆಂಡತಿಯ ನಂಬರು, ಹುಟ್ಟಿದ ದಿನ, ಅತ್ತೆಯ ಮನೆತನ ಯಾವ ಗಂಡನಿಗೆ ಗೊತ್ತಿರುವುದಿಲ್ಲ? ಅದಕ್ಕೇ ಎರಡು ವರ್ಷದ ಹಿಂದೆ, ಮುಂದಿನ ಕೌಂಟರಿನಲ್ಲಿ ಕೂರುವ ದೊನ್ಯಾ ಫಿದೆಲಿನಾ ಬ್ರೆನೆಸ್ ಒಂದು ಉಪಾಯ ಹೇಳಿದ್ದರು. ಈ ಮೂವರಿಗೆ ಮಾತ್ರ ಎರಡನೆಯ ಹೆಸರಿನ ಜಾಗದಲ್ಲಿ ಹೆಸರು ಬೇಡ, ಅವರಿಗಷ್ಟೇ ಗೊತ್ತಿರುವ ಒಂದು ಗುಟ್ಟಿನ ಪದ ಇರಲಿ. ಭೇಷ್ ಎಂದು ಅರ್ಲೆನ್ ಮಾಡಿಕೊಟ್ಟಿದ್ದಳು. ಆ ಒಂದು ಪದವೇ ಅವರ ಬೀಗ.

ಅವಳು ಯಾರು ಯಾವಾಗ ಬಂದುಹೋದರೆಂಬ ದಾಖಲೆ ತೆರೆದಳು. ಅವಳದೇ ಎರಡು ಪರೀಕ್ಷೆ ಬಿಟ್ಟರೆ, ಆಸ್ಪತ್ರೆಯ ದಾಖಲೆಯಲ್ಲಿ ಎರಡನೆಯ ಹೆಸರಿದ್ದೂ ಖಾಲಿ ಬಿಟ್ಟು ಒಳಹೊಕ್ಕವರು ಮೂರು ವರ್ಷದಲ್ಲಿ ಏಳು ಮಂದಿ. ಆರು ಮಂದಿ ದೋನ್ ಎಲಾದಿಯೊ ಅವರಂಥ ಮುದುಕ ಮುದುಕಿಯರು, ಯಾವಾಗಲೂ ಬಳಸುವ ಅವರದೇ ಫೋನಿನಿಂದ ಬಂದವರು. ಏಳನೆಯದು ಮೊನ್ನೆ ಶನಿವಾರ ಮಧ್ಯಾಹ್ನ ಎರಡೂ ಮೂವತ್ತಾರಕ್ಕೆ. ಹಿಂದೆಂದೂ ಕಾಣದ ಫೋನು. ಮೊದಲು 'ಸೊಲಾನೊ' ಎಂದು ಹಾಕಿದ್ದಾರೆ, ಯಂತ್ರ ಬೇಡವೆಂದಿದೆ. ಮತ್ತೆ 'ಸೊಲಾನೊ', ಮತ್ತೆ ಬೇಡ. ಮೂರನೆಯ ಸಲ ಖಾಲಿ. ಬಾಗಿಲು ತೆರೆದಿದೆ.

ತೆರೆದದ್ದು ಸಿಯೊಮಾರಾ ಸೆಕೇರಾಳ ಪುಟ. ಆ ಮೂವರಲ್ಲಿ ಒಬ್ಬಳು. ಹುಟ್ಟಿದಾಗಿನಿಂದ ಅವಳ ಎರಡನೆಯ ಹೆಸರು ಸೊಲಾನೊ. ಗುಟ್ಟಿನ ಪದ ಬೇರೆ ಎಂದು ಅವಳಿಗೆ ಗೊತ್ತು, ಅವಳ ಗಂಡ ರಾಂಡಾಲ್‌ಗೆ ಗೊತ್ತಿಲ್ಲ. ಆ ಪುಟದ ಕೆಳಗೆ ಔಷಧಿ ತಲುಪಿಸುವ ವಿಳಾಸ ಸ್ಪಷ್ಟವಾಗಿತ್ತು. 'ಸಿನಿಮಾ ಮಂದಿರ ಇದ್ದ ಮೂಲೆಯಿಂದ ದಕ್ಷಿಣಕ್ಕೆ ಇನ್ನೂರು ಮೀಟರ್, ಪಶ್ಚಿಮಕ್ಕೆ ಇಪ್ಪತ್ತೈದು, ಜರಿಗಿಡದ ಕುಂಡಗಳ ನೀಲಿ ಮನೆ.' ಸಿನಿಮಾ ಮಂದಿರ ಬಿದ್ದು ಮೂವತ್ತು ವರ್ಷವಾಗಿತ್ತು, ಆದರೂ ಅದು ಎಲ್ಲಿತ್ತೆಂದು ಯಾರನ್ನು ಕೇಳಿದರೂ ಹೇಳುತ್ತಿದ್ದರು.

ಅಯ್ಯೋ ದೇವರೇ, ಆ ಹೆಂಗಸಿಗೆ ಐದು ವರ್ಷದ ಮಗಳಿದ್ದಾಳೆ.

ಅರ್ಲೆನ್ ಮೊದಲು ವೆಬ್‌ಸೈಟನ್ನು ಪೂರ್ತಿ ಮುಚ್ಚಿ 'ದುರಸ್ತಿ ನಡೆಯುತ್ತಿದೆ' ಎಂಬ ಫಲಕ ಹಾಕಿದಳು. ಸಾನ್ ಹೋಸೆಗೆ ಮೀಟಿಂಗಿಗೆ ಹೋಗಿದ್ದ ನಿರ್ದೇಶಕಿಗೆ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿದಳು. "ನನ್ನ ಬೈಗುಳ ಆಮೇಲೆ. ಮೊದ್ಲು ಆ ಹೆಂಗಸನ್ನ ಹುಡುಕು," ಎಂದರು ನಿರ್ದೇಶಕಿ. ಸಿಯೊಮಾರಾಗೆ ಫೋನ್ ಮಾಡಿದಳು, ಸ್ವಿಚ್ ಆಫ್. ಇನ್ನೊಮ್ಮೆ, ಮತ್ತೊಮ್ಮೆ, ಸ್ವಿಚ್ ಆಫ್. ಮುಂದಿನ ಕೌಂಟರಿಗೆ ಓಡಿದರೆ ದೊನ್ಯಾ ಫಿದೆಲಿನಾ ಇರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ರಜೆ ಹಾಕಿದ್ದರು, ಕಾಲಿಗೆ ಏನೋ ಪೆಟ್ಟಂತೆ. ಅವರೂ ಫೋನ್ ಎತ್ತಲಿಲ್ಲ. ಕೊನೆಗೆ ಊರಿನ ಪೊಲೀಸ್ ಠಾಣೆಗೆ ಮಾಡಿ ವಿಳಾಸ ಓದಿದಳು.

"ನೀಲಿ ಮನೆ, ಜರಿಗಿಡ?" ಎಂದ ಆ ಕಡೆಯವನು. "ಅಲ್ಲಿಗೆ ಶನಿವಾರಾನೇ ಹೋಗಿ ಬಂದಿದ್ದೀವಲ್ಲ."

"ಶನಿವಾರಾನಾ? ಯಾಕೆ? ಏನಾಗಿತ್ತು?"

"ಅದನ್ನೆಲ್ಲ ಫೋನಲ್ಲಿ ಹೇಳೋ ಹಾಗಿಲ್ಲ ಮೇಡಂ. ನೀವು ಯಾರು?"

ನಾನು ಯಾರು! ಅರ್ಲೆನ್ ಫೋನ್ ಕಟ್ ಮಾಡಿದಳು. ಫೋನ್ ಜೇಬಿಗೆ ತುರುಕಿ, ಬೆಳಗಿನ ಜಿಟಿಜಿಟಿ ಮಳೆಯಲ್ಲಿ ಕೊಡೆಯೂ ಇಲ್ಲದೆ ಓಡಿದಳು. ಸಿನಿಮಾ ಮಂದಿರ ಇದ್ದ ಕಡೆ ಈಗ ಚಪ್ಪಲಿ ಅಂಗಡಿ. ಅಲ್ಲಿಂದ ದಕ್ಷಿಣಕ್ಕೆ ಎರಡು ಬೀದಿ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಬೇಡದ್ದೆಲ್ಲ ಬಂದವು. ಮನೆಯ ಮುಂದೆ ಜನ ಸೇರಿರುತ್ತಾರೆ, ಬಾಗಿಲಿಗೆ ಪೊಲೀಸರು ಹಳದಿ ಪಟ್ಟಿ ಕಟ್ಟಿರುತ್ತಾರೆ, ಮಗು ಯಾರದೋ ತೊಡೆಯ ಮೇಲೆ ಕೂತಿರುತ್ತದೆ. ತನಗೊಂದು ಹೆಸರಿಲ್ಲವೆಂಬ ಹಳೆಯ ನೋವನ್ನು ಮುಂದಿಟ್ಟುಕೊಂಡು ಇನ್ನೊಬ್ಬಳ ಪ್ರಾಣ ತೆಗೆದೆನಲ್ಲ ಎಂದು ಅವಳು ಅಳುತ್ತಲೇ ಓಡಿದಳು. ಎದುರಿಗೆ ಬಂದ ಚೀಸ್ ಮಾರುವವನು "ಏನಾಯ್ತಮ್ಮಾ?" ಎಂದು ಕೂಗಿದ್ದೂ ಅವಳಿಗೆ ಕೇಳಿಸಲಿಲ್ಲ.

ನೀಲಿ ಮನೆ ಇತ್ತು. ಜರಿಗಿಡಗಳೂ ಇದ್ದವು. ಜನ ಇರಲಿಲ್ಲ, ಹಳದಿ ಪಟ್ಟಿ ಇರಲಿಲ್ಲ. ಕಬ್ಬಿಣದ ಜಾಲರಿಗೆ ದಪ್ಪ ಬೀಗ. ಆ ಊರಲ್ಲಿ ಬಾಗಿಲು ತಟ್ಟುವುದಿಲ್ಲ, 'ಊಪೇ' ಎಂದು ಕೂಗುತ್ತಾರೆ. ಅವಳು ಜಾಲರಿ ಹಿಡಿದು ಇದ್ದ ಉಸಿರೆಲ್ಲ ಸೇರಿಸಿ ಕೂಗಿದಳು.

"ಊಪೇ! ಸಿಯೊಮಾರಾ! ಊಪೇ!"

ಒಳಗಿನಿಂದ ಯಾರೋ ಕಾಲೆಳೆಯುತ್ತ ಬರುವ ಸದ್ದಾಯಿತು. ಪರದೆ ಸರಿಸಿ ಹೊರಗೆ ಇಣುಕಿದವರು ದೊನ್ಯಾ ಫಿದೆಲಿನಾ. ಬಲಗಾಲಿಗೆ ಬಟ್ಟೆ ಸುತ್ತಿದ್ದರು, ಕೈಯಲ್ಲಿ ಸೌಟಿತ್ತು.

"ಯಾಕೆ ಹೀಗೆ ಅರಚ್ತೀಯೇ? ಬೀದಿಗೆಲ್ಲ ಆ ಹೆಸರು ಕೇಳಿಸ್ಬೇಕಾ?"

"ನೀವು... ನೀವಿಲ್ಲಿ ಏನ್ ಮಾಡ್ತಿದ್ದೀರಾ?"

"ನನ್ನ ಮನೇಲಿ ನಾನು ಏನ್ ಮಾಡ್ತೀನಿ? ಅವರೆ ಬೇಯಿಸ್ತಿದ್ದೀನಿ. ಒಳಗೆ ಬಾ, ಕೋಳಿ ನೆಂದ ಹಾಗೆ ನೆಂದಿದ್ದೀಯ."

ಅರ್ಲೆನ್ ಒಳಗೆ ಬಂದಳು, ಆದರೆ ಕೂರಲಿಲ್ಲ. "ಸಿಯೊಮಾರಾ ಎಲ್ಲಿ? ಬದುಕಿದ್ದಾಳಾ?"

"ಬದುಕಿರದೆ ಏನು? ಕೆಲಸಕ್ಕೆ ಹೋಗಿದ್ದಾಳೆ. ಪ್ಯಾಕಿಂಗ್ ಮಾಡೋ ಕಡೆ ಫೋನೆಲ್ಲ ಪೆಟ್ಟಿಗೇಲಿ ಇಡಿಸ್ಕೋತಾರೆ. ಮಗು ಶಾಲೇಲಿದೆ. ಕೂತ್ಕೋ ಅಂದ್ನಲ್ಲ!"

ಹೋದ ಜೀವ ಬಂತು. ಅರ್ಲೆನ್ ಅಡುಗೆಮನೆಯ ಬೆಂಚಿನ ಮೇಲೆ ಕೂತಳು. ದೊನ್ಯಾ ಫಿದೆಲಿನಾ ಅವಳ ತಲೆಯ ಮೇಲೆ ಒಂದು ಟವೆಲ್ ಎಸೆದು, ಬೆಲ್ಲ ಕದಡಿದ ಬಿಸಿನೀರಿನ ಲೋಟ ಕೈಗೆ ಕೊಟ್ಟು, ತಾವೂ ಕಾಲು ಚಾಚಿ ಕೂತರು.

"ಶನಿವಾರ ನಾಲ್ಕೂವರೆಗೆ ಬಂದ ಕಣೇ, ಆ ರಾಂಡಾಲ್. ಊಪೇ ಅಂತ ಎಷ್ಟು ನಯವಾಗಿ ಕೂಗಿದ ಅಂತೀಯಾ! ಮಗೂಗೆ ಗೊಂಬೆ ತಂದಿದ್ದೀನಿ ಅಂದ. ಮುಖ ಕಂಡ ತಕ್ಷಣ ಗೊತ್ತಾಯ್ತು, ಕೋರ್ಟ್ ಕಾಗದದಲ್ಲಿ ಅವನ ಫೋಟೋ ನೋಡಿದ್ನಲ್ಲ. ನಾನು ಬೀಗ ತೆಗೀಲಿಲ್ಲ. ಸಿಯೊಮಾರಾ ಸ್ನಾನಕ್ಕೆ ಹೋಗಿದ್ದಾಳೆ, ಕೂತ್ಕೊಳಪ್ಪಾ ಅಂದೆ. ವರಾಂಡದಲ್ಲಿ ಕೂತ. ಜಾಲರಿ ಸಂದೀಲೇ ಕಾಫಿ ಕೊಟ್ಟೆ. ಒಳಗೆ ಬಂದು ಪೊಲೀಸ್‌ಗೆ ಫೋನು."

"ಅವನಿಗೆ ಕಾಫಿ ಕೊಟ್ರಾ!"

"ಎರಡು ಲೋಟ. ಬ್ರೆಡ್ಡು, ಚೀಸು. ಎಲ್ಲ ತಿಂದ ಪಾಪಿ, ಚೀಸ್ ಚೆನ್ನಾಗಿದೆ ಅಂತ ಹೊಗಳಿದ ಬೇರೆ. ಇಷ್ಟೊತ್ತು ಏನು ಸ್ನಾನ ಅಂದ. ಹೆಂಗಸರ ತಲೆಸ್ನಾನ ಕಣಪ್ಪಾ, ಕೂದಲು ಒಣಗೋದು ಬೇಡ್ವಾ ಅಂದೆ. ಬಾಯಲ್ಲಿ ಹೀಗೆ ಹೇಳ್ತಿದ್ದೀನಿ, ಒಳಗೆ ಕೈ ಗಡಗಡ. ಮೂರನೇ ಲೋಟಕ್ಕೆ ಇಟ್ಟ ನೀರು ಪಾತ್ರೆ ಸಮೇತ ಕಾಲ್ಮೇಲೆ ಬಿತ್ತು. ಅಯ್ಯಪ್ಪಾ ಅಂತ ಕೂಗೋ ಹಾಗೂ ಇಲ್ಲ! ತುಟಿ ಕಚ್ಕೊಂಡು ನಿಂತೆ. ಅಷ್ಟರಲ್ಲಿ ಪೊಲೀಸ್ ಬಂದ್ರು. ಹತ್ತಿರ ಸುಳೀಬಾರ್ದು ಅಂತ ಕೋರ್ಟ್ ಆಜ್ಞೆ ಇದೆಯಲ್ಲ. ಚೀಲ ಬಿಚ್ಚಿಸಿದ್ರು. ಗೊಂಬೆ ಇರ್ಲಿಲ್ಲ ಅರ್ಲೆನ್. ಚಾಕು ಇತ್ತು."

ದೊನ್ಯಾ ಫಿದೆಲಿನಾ ಕುಂಟುತ್ತ ಎದ್ದು ಹೋಗಿ ಪಾತ್ರೆಗೆ ಸೌಟಾಡಿಸಿ ಬಂದರು. ಒಲೆಯ ಮೇಲೆ ಅವರೆ ಕುದಿಯುತ್ತಿತ್ತು.

"ಭಾನುವಾರ ಜಡ್ಜ್ ಮುಂದೆ ನಿಲ್ಲಿಸಿದ್ರು. ಆರು ತಿಂಗಳು ಒಳಗೇ ಇರ್ಲಿ, ವಿಚಾರಣೆ ನಡೀಲಿ ಅಂದ್ರಂತೆ. ಅದು ಬಿಡು. ನನಗೆ ಎರಡು ದಿನದಿಂದ ನಿದ್ದೆ ಇಲ್ಲ. ಯಾರು ಬಾಯಿಬಿಟ್ರು? ಈ ವಿಳಾಸ ನಮ್ಮವರಿಗೆ ಬಿಟ್ಟು ಇನ್ಯಾರಿಗೆ ಗೊತ್ತು? ಔಷಧಿ ಬೈಕ್ ಓಡಿಸೋ ನನ್ನ ತಂಗಿ ಮಗ ಮಿನೋರ್, ಅವನೇ ದುಡ್ಡಿನಾಸೆಗೆ ಹೇಳಿದ್ದಾನೆ ಅಂತ ನಿನ್ನೆ ಬಾಯಿಗೆ ಬಂದ ಹಾಗೆ ಬೈದು ಮನೆಯಿಂದ ಆಚೆ ಹಾಕಿದೆ. ಅಳ್ತಾ ಹೋದ, ನಲವತ್ತು ವರ್ಷದ ಗಂಡಸು. ಯಾವ ಮುಖ ಇಟ್ಕೊಂಡು ಕೌಂಟರಲ್ಲಿ ಕೂರ್ಲಿ? ಯಾರ ಫೋನೂ ಎತ್ತೋಕೆ ಮನಸ್ಸಾಗ್ಲಿಲ್ಲ."

ಈಗ ಹೇಳದೆ ಉಪಾಯವಿರಲಿಲ್ಲ. ಸುಮ್ಮನಿದ್ದಿದ್ದರೆ ಮಿನೋರ್ ಮೇಲೆ ಗೂಬೆ ಕೂರುತ್ತಿತ್ತು, ದೊನ್ಯಾ ಫಿದೆಲಿನಾ ಮುಂದೆ ಅವಳ ಮಾನ ಉಳಿಯುತ್ತಿತ್ತು. ಆ ಯೋಚನೆ ಅವಳಿಗೆ ಬರಲೇ ಇಲ್ಲವೆಂದರೆ ಸುಳ್ಳಾದೀತು. ಬಂತು, ಒಂದು ಗುಟುಕು ಕುಡಿಯುವಷ್ಟು ಹೊತ್ತು ಇತ್ತು, ಹೋಯಿತು.

"ಮಿನೋರ್ ಅಲ್ಲ, ದೊನ್ಯಾ ಫಿದೆಲಿನಾ. ನಾನು."

ಖಾಲಿ ಜಾಗದ ಕಥೆಯನ್ನು ಅವಳು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಶಾಲೆಯ ಗುಮಾಸ್ತನ ಮಾತನ್ನೂ ಬಿಡಲಿಲ್ಲ, ಮೂರು ಸಲದ ಪ್ರಯತ್ನವನ್ನೂ ಬಿಡಲಿಲ್ಲ. ದೊನ್ಯಾ ಫಿದೆಲಿನಾ ರೆಪ್ಪೆ ಬಡಿಯದೆ ಕೇಳಿದರು. ಕೇಳಿ ಮುಗಿದ ಮೇಲೆ ಸೌಟಿನಿಂದ ಮೇಜಿಗೆ ಒಂದು ಬಾರಿಸಿದರು.

"ಖಾಲಿ ಬಿಟ್ರೆ ತೆಗೀತಾ? ಏನೂ ಹೇಳ್ದೇ ಇದ್ರೆ ಒಳಗೆ ಬಾ ಅಂತಾ? ನಿನ್ನ ಓದಿಗಿಷ್ಟು ಬೆಂಕಿ ಹಾಕ! ನನ್ನ ಮನೆ ಜಾಲರಿಗೆ ಇರೋ ಬುದ್ಧಿ ನಿನ್ನ ಕಂಪ್ಯೂಟರಿಗಿಲ್ವಲ್ಲೇ!" ಎಂದು ಕೂಗಿದರು. ಆಮೇಲೆ ಸೌಟು ಕೆಳಗಿಟ್ಟರು. "ಅಂದ್ರೆ... ನಮ್ಮವರ್ಯಾರೂ ವಿಳಾಸ ಮಾರ್ಕೊಂಡಿಲ್ಲ?"

"ಇಲ್ಲ. ನನ್ನದೇ ತಪ್ಪು."

"ತಪ್ಪು ಮಾಡೋದು ಬೇರೆ, ಮಾರ್ಕೊಳ್ಳೋದು ಬೇರೆ ಕಣೇ ದಡ್ಡಿ." ಅವರು ಅಂಗಿಯ ತುದಿಯಿಂದ ಕಣ್ಣು ಒರೆಸಿಕೊಂಡು ಉಸ್ಸೆಂದರು. "ಎರಡು ದಿನದಿಂದ ಎದೆ ಮೇಲೆ ಕಲ್ಲು ಹೊತ್ಕೊಂಡಿದ್ದೆ. ಇಳೀತು. ಇರು, ಮೊದ್ಲು ಮಿನೋರ್‌ಗೆ ಫೋನ್ ಮಾಡಿ ಕಾಲಿಗೆ ಬೀಳ್ತೀನಿ."

ಮಿನೋರ್ ಮೊದಲು ಮುನಿಸಿಕೊಂಡ, ಆಮೇಲೆ ಭಾನುವಾರದ ಊಟಕ್ಕೆ ಬಾಳೆಲೆಯಲ್ಲಿ ಸುತ್ತಿ ಬೇಯಿಸುವ ಹಂದಿಮಾಂಸದ ತಮಾಲ್ ಕಡುಬು ಮಾಡಿಕೊಟ್ಟರೆ ಕ್ಷಮಿಸುತ್ತೇನೆಂದ. ಅಷ್ಟರಲ್ಲಿ ಅರ್ಲೆನ್‌ಗೆ ತಲೆಯಲ್ಲಿ ಕೊರೆಯುತ್ತಿದ್ದದ್ದು ಬಾಯಿಗೆ ಬಂತು.

"ಸಿಯೊಮಾರಾ ಪುಟದಲ್ಲಿ ನಿಮ್ಮನೆ ವಿಳಾಸ ಯಾಕಿತ್ತು?"

"ಅವಳದೊಂದೇ ಅಲ್ಲ. ಮೂರೂ ಜನರದು ಇದೇ ಮನೆ."

"ಸುಳ್ಳು! ಮೂರೂ ಬೇರೆ ಬೇರೆ ಇವೆ, ನಾನೇ ನೋಡಿದ್ದೀನಿ. ಒಂದು ಸಿನಿಮಾ ಮಂದಿರದಿಂದ, ಒಂದು ಅಂಜೂರದ ಮರದಿಂದ, ಒಂದು..."

"ಒಂದು ನದಿ ಸೇತುವೆಯಿಂದ ಉತ್ತರಕ್ಕೆ ನಾನೂರು ಮೀಟರ್. ನಡ್ಕೊಂಡು ನೋಡು, ಮೂರೂ ಇದೇ ಜಾಲರಿ ಮುಂದೆ ಬಂದು ನಿಲ್ತವೆ. ನಮ್ಮೂರಲ್ಲಿ ಮನೆಗೆ ನಂಬರಿಲ್ಲ ಅಂತ ಬೈತಿದ್ದೆಯಲ್ಲ, ಈಗ ಗೊತ್ತಾಯ್ತಾ? ಒಂದು ಮನೆಗೆ ಹೇಳೋರಿದ್ದಷ್ಟು ವಿಳಾಸ. ಔಷಧಿ ಮಿನೋರ್ ನನಗೆ ತಂದ್ಕೊಡ್ತಾನೆ, ನಾನು ಅವರಿಗೆ ಮುಟ್ಟಿಸ್ತೀನಿ. ಅವರು ನಿಜವಾಗಿ ಎಲ್ಲಿದ್ದಾರೆ ಅಂತ ನನ್ನ ತಲೇಲಿದೆ. ನಿನಗೂ ಹೇಳಲ್ಲ, ಕೇಳಬೇಡ."

"ಮತ್ತೆ ಅವನು ನಿಮ್ಮನ್ನ ಏನಾದ್ರೂ ಮಾಡಿದ್ರೆ?"

"ನನಗೆ ಅರವತ್ತಮೂರು. ಗಂಡ ಸತ್ತಿದ್ದಾನೆ, ಜಾಲರಿ ಗಟ್ಟಿ ಇದೆ. ಆ ಹುಡುಗಿಯರಿಗೆ ಇಪ್ಪತ್ತೆಂಟು, ಮೂವತ್ತು. ನಿನ್ನ ಮಿಷನ್ ಮೇಲೆ ನನಗೆ ಯಾವತ್ತೂ ನಂಬಿಕೆ ಇರ್ಲಿಲ್ಲ ಅರ್ಲೆನ್, ಬೇಜಾರು ಮಾಡ್ಕೋಬೇಡ. ಯಾವನಾದ್ರೂ ಹುಡುಕ್ಕೊಂಡು ಬಂದ್ರೆ ನನ್ನ ಹತ್ರ ಬರ್ಲಿ ಅಂತ ಬರೆದೆ."

ಅರ್ಲೆನ್ ಎದ್ದು ಹೋಗಿ ಅವರನ್ನು ಅಪ್ಪಿಕೊಂಡಳು. "ಸಾಕು ಬಿಡೇ, ಕಾಲು ತುಳೀತೀಯ," ಎಂದು ದೊನ್ಯಾ ಫಿದೆಲಿನಾ ಗದರಿದರು, ಆದರೆ ಬಿಡಿಸಿಕೊಳ್ಳಲಿಲ್ಲ.

ಆಸ್ಪತ್ರೆಗೆ ಹೋಗಿ ಲ್ಯಾಪ್‌ಟಾಪ್ ತಂದು ಅರ್ಲೆನ್ ಅದೇ ಅಡುಗೆಮನೆಯ ಮೇಜಿನ ಮೇಲೆ ಕೆಲಸಕ್ಕೆ ಕೂತಳು. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂದು ದೊನ್ಯಾ ಫಿದೆಲಿನಾ ಎರಡು ಸಲ ಕುಟುಕಿದರು. ಅನ್ನಿಸಿಕೊಂಡಳು, ಅನ್ನಿಸಿಕೊಳ್ಳುವಂಥದ್ದೇ ಮಾಡಿದ್ದಳಲ್ಲ. ಹಳೆಯ ಸಾಲನ್ನು ಅಳಿಸಿದಳು. ಇನ್ನು ಬಂದವನು ಏನು ಬಿಟ್ಟಿದ್ದಾನೆಂದು ಯಂತ್ರ ನೋಡುವುದಿಲ್ಲ, ತನ್ನ ದಾಖಲೆಯಲ್ಲಿ ಏನಿದೆಯೆಂದು ನೋಡುತ್ತದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಒಂದು ಹೆಸರಿನವರಿಗೆ ಆ ಲೆಕ್ಕದಲ್ಲಿ ಮೂರನೆಯ ಬೀಗವೇ ಇರುವುದಿಲ್ಲವಲ್ಲ! ಮನೆತನದ ಹೆಸರಿನ ಪ್ರಶ್ನೆಯನ್ನೇ ಕಿತ್ತುಹಾಕಿ, ಇನ್ನು ಮುಂದೆ ಎಲ್ಲರೂ ಒಮ್ಮೆ ಕೌಂಟರಿಗೆ ಬಂದು ತಮ್ಮದೇ ಗುಟ್ಟಿನ ಪದ ಕೊಡಬೇಕೆಂದು ಮಾಡಿದಳು. ವಿಳಾಸ ಪರದೆಯ ಮೇಲೆ ಕಾಣಿಸುವುದನ್ನೇ ತೆಗೆದಳು. ನಿರ್ದೇಶಕಿಗೆ ಫೋನ್ ಮಾಡಿ, ಪುಟ ತೆರೆದುಕೊಂಡ ಏಳೂ ಜನರಿಗೆ ನಾನೇ ತಿಳಿಸುತ್ತೇನೆ ಎಂದಳು. ನಿರ್ದೇಶಕಿ ಹತ್ತು ನಿಮಿಷ ಬೈದರು, ಕೆಲಸದಿಂದ ತೆಗೆಯಲಿಲ್ಲ.

ಮೂರು ಗಂಟೆಯ ಕಾಫಿಯ ಬಿಡುವಿನಲ್ಲಿ ಸಿಯೊಮಾರಾ ಫೋನ್ ಮಾಡಿದಳು. ಅರ್ಲೆನ್ ಅವಳಿಗೂ ಎಲ್ಲ ಹೇಳಿದಳು, ತಾನು ತೂತು ಬಿಟ್ಟದ್ದು, ಅವನು ಅದರಿಂದ ನುಗ್ಗಿದ್ದು. ಹೇಳಿ, "ನನ್ನನ್ನ ಕ್ಷಮಿಸು ಅಂತ ಕೇಳೋಕೂ ನಾಲಿಗೆ ಬರ್ತಿಲ್ಲ," ಎಂದಳು.

"ಸಿಟ್ಟು ಬರುತ್ತೆ," ಎಂದಳು ಸಿಯೊಮಾರಾ. "ಬರಲ್ಲ ಅಂತ ಸುಳ್ಳು ಹೇಳಲ್ಲ. ಬಾಗಿಲು ಈಗ ಮುಚ್ಚಿದ್ದೀಯಾ?"

"ಮುಚ್ಚಿದ್ದೀನಿ. ಹತ್ತು ಸಲ ತಳ್ಳಿ ನೋಡಿದ್ದೀನಿ."

"ಹಾಗಾದ್ರೆ ಕೇಳು. ಎರಡು ವರ್ಷ ಆಯ್ತು ನಾನು ಬಸ್ಸಲ್ಲಿ ಕಿಟಕಿ ಪಕ್ಕ ಕೂತಿಲ್ಲ. ರಸ್ತೇಲಿ ನಿಂತಿರ್ತಾನೇನೋ, ನೋಡ್ಬಿಡ್ತಾನೇನೋ ಅಂತ. ಇವತ್ತು ಬೆಳಿಗ್ಗೆ ಹೋಗಿ ಕಿಟಕಿ ಪಕ್ಕ ಕೂತೆ. ಗಾಜು ತೆಗೆದು ಕೂತೆ. ಮಳೆಯೆಲ್ಲ ಮುಖಕ್ಕೆ ಹೊಡೀತಿತ್ತು, ಪಕ್ಕದವಳು ಮುಚ್ಚಮ್ಮಾ ತಾಯಿ ಅಂತ ಬೈದ್ಲು. ನಾನು ಮುಚ್ಚಲಿಲ್ಲ." ಅವಳು ಮೂಗು ಎಳೆದುಕೊಂಡದ್ದು ಕೇಳಿಸಿತು. "ಬರ್ತಾನೆ ಬರ್ತಾನೆ ಅಂತ ಹೆದರ್ತಾ ಇದ್ದೆ. ಬಂದ, ಸಿಕ್ಕಿಬಿದ್ದ, ಮುಗೀತು. ದೊನ್ಯಾ ಫಿದೆಲಿನಾಗೆ ಹೇಳು, ಇವತ್ತು ಔಷಧಿ ತಂದ್ಕೊಡೋದು ಬೇಡ. ನಾನೇ ಬಂದು ತಗೋತೀನಿ. ಮಗೂನ ಕರ್ಕೊಂಡು, ದೊಡ್ಡ ರಸ್ತೇಲೇ ನಡ್ಕೊಂಡು ಬರ್ತೀನಿ."

ಅರ್ಲೆನ್ ಆ ಮಾತನ್ನು ಹಾಗೆಯೇ ದೊನ್ಯಾ ಫಿದೆಲಿನಾಗೆ ಹೇಳಿದಳು. ಅವರು ಕುಂಟುತ್ತ ಹೋಗಿ ಬೀರುವಿನಿಂದ, ಬರುವ ಇಬ್ಬರಿಗೂ ಸೇರಿಸಿ, ನಾಲ್ಕು ಬಟ್ಟಲು ತೆಗೆದು ಮೇಜಿನ ಮೇಲಿಟ್ಟರು, ಆಮೇಲೆ ಗೋಡೆಯ ಕಡೆ ತಿರುಗಿ ನಿಂತು ಗಟ್ಟಿಯಾಗಿ ಅತ್ತುಬಿಟ್ಟರು.